ಬೀಡಿಂಗಿನ ದಾರ

ಸುಂಟಿಕೊಪ್ಪದ ಪೇಟೆ ದಾಟಿ, ಮರದ ಮಿಲ್ಲಿನ ಪಕ್ಕ
ಬಾಗಿಲೇ ಇಲ್ಲದ ಶೆಡ್ಡು, ಕುಂಞಾಲಿ ಕಾಕನದು.
ಗೋಡೆಗೊರಗಿ ನಿಂತಿವೆ ಗಾಜುಗಳು
ಶಾಲೆಗೆ ತಡವಾಗಿ ಬಂದ ಮಕ್ಕಳ ಹಾಗೆ.
ಒಂದೊಂದರಲ್ಲೂ ಬೇರೆ ಬೇರೆ ತುಂಡು ಆಕಾಶ.

ನನ್ನ ಜೀಪಿನ ಮುಂದಿನ ಗಾಜನ್ನು ಉಗುರಲ್ಲಿ ತಟ್ಟಿದ.
ಟಿಣ್ ಎಂದಿತು.
"ಇದು ಬೀರುವಿಗೆ ಹಾಕುವ ಗಾಜು.
ಇದರ ಹಿಂದೆ ಕೂತು ಮಾಂದಲಪಟ್ಟಿ ಹತ್ತುತ್ತೀಯಲ್ಲ ಬೋಜಿ,
ನಿನಗೇನು ಕಣ್ಣು ಹೆಚ್ಚಾಗಿದೆಯಾ?"

ಹುಬ್ಬಿನ ಮೇಲಿನ ಗೆರೆ ನಾನು ತೋರಿಸಲಿಲ್ಲ.
ಅವನು ಆಗಲೇ ನೋಡಿಯಾಗಿತ್ತು.
ಆರು ವರ್ಷದ ಹಿಂದೆ ಮಕ್ಕಂದೂರಿನ ತಿರುವಲ್ಲಿ
ಸಿಲ್ವರ್ ಓಕಿನ ಒಣಕೊಂಬೆ
ಕೇಳದೆ ಒಳಗೆ ಬಂದು ಪಕ್ಕದ ಸೀಟಲ್ಲಿ ಕೂತಿತ್ತು.
ಅಂದು ಒಡೆದದ್ದೂ ಇಂಥದೇ,
ಸೀಸನ್ನಿನ ಅವಸರಕ್ಕೆ ಮತ್ತೆ ಹಾಕಿಸಿದ್ದೂ ಇಂಥದೇ.
ಈಗಲೂ ಸೀಟಿನ ಹೊಲಿಗೆಯಲ್ಲಿ ಬೆರಳಾಡಿಸಿದರೆ
ಒಂದು ಚೂರು ನನ್ನ ಗುರುತು ಹಿಡಿಯುತ್ತದೆ.

"ಒಡೆಯದ್ದು ಕೊಡು ಕಾಕಾ."
"ಒಡೆಯೋದೇ ಇಲ್ಲ ಅಂತ ಮಾರುವವನು ಮೈಸೂರಲ್ಲಿದ್ದಾನೆ, ಹೋಗು."
ಎರಡು ತುಂಡು ತಂದು ಗೋಣಿಯ ಮೇಲಿಟ್ಟ.
ಪಕ್ಕದ ಕಿಟಕಿಯದಕ್ಕೆ ಸುತ್ತಿಗೆ ಬಿತ್ತು,
ಗಾಜು ಕಲ್ಲುಪ್ಪಾಗಿ ಚೆಲ್ಲಿತು, ಅಂಚೇ ಇಲ್ಲದೆ.
ಮುಂದಿನದಕ್ಕೆ ಬಿತ್ತು,
ಜೇಡ ಬಲೆ ನೇಯ್ದ ಹಾಗೆ ಬಿರಿದು
ಅಲ್ಲೇ ನಿಂತಿತು, ಒಂದು ಚೂರೂ ಕೈಬಿಡದೆ.
ಎರಡು ಗಾಜು, ನಡುವೆ ಒಂದು ಪೊರೆ,
ಕಾಫಿಬೀಜದ ಒಳಸಿಪ್ಪೆಯ ಹಾಗೆ ತೆಳ್ಳಗೆ.
"ಹಿಡಿದುಕೊಳ್ಳೋದು ಅದು. ಗಾಜಲ್ಲ."

ಬೆಲೆ ಕೇಳಿ ಮೂರು ಟ್ರಿಪ್ಪು ಲೆಕ್ಕ ಹಾಕಿದೆ, ಮತ್ತೆ ನಾಲ್ಕು.

ರಬ್ಬರಿನ ಬೀಡಿಂಗಿನ ಸಂದಿಗೆ ದಾರ ಸುತ್ತಿ
ಬಟ್ಟೆಸೋಪಿನ ನೀರು ಹಚ್ಚಿದ.
ನಾನು ಒಳಗೆ, ಅವನು ಹೊರಗೆ.
"ನಿಧಾನಕ್ಕೆ ಎಳಿ. ಬಾಣಂತಿ ತಲೆ ಬಾಚಿದ ಹಾಗೆ."
ಎಳೆದಷ್ಟೂ ರಬ್ಬರಿನ ತುಟಿ ಮಗುಚಿ
ಚೌಕಟ್ಟನ್ನು ಕಚ್ಚುತ್ತ ಹೋಯಿತು, ಒಂದೊಂದೇ ಇಂಚು.
ಗಾಜಿನಾಚೆ ಅವನ ಅಂಗೈ, ಈಚೆ ನನ್ನದು.
ಮೂಲೆಯಲ್ಲಿ ದಾರ ಕಡಿಯಿತು. ಬೈದ, ಮೊದಲಿಂದ ಸುತ್ತಿದ.
ಅಳಿಯ ಬಂದು ಮುಂದೆ ಕಬ್ಬಿಣದ ಜಾಲರಿ ಬೆಸೆದ,
ಕೊಂಬೆಗಳಿಗೆ ಮಾತ್ರ ಎಂದು.

"ಎರಡು ದಿನ ಬಾಗಿಲು ಜೋರಾಗಿ ಹಾಕಬೇಡ."
"ನನ್ನ ಜೀಪಿಗೆ ಬಾಗಿಲೆಲ್ಲಿದೆ ಕಾಕಾ?"
ಶೆಡ್ಡಿನ ಕಡೆ ತಿರುಗಿ ನೋಡಿ ಅವನೂ ನಕ್ಕ.

ಡಿಸೆಂಬರಿನ ಬೆಳಗು, ಕೊನೆಯ ಏರು.
ಮುಂದಿನ ಜೀಪಿನ ಚಕ್ರ ಒದ್ದ ಕಲ್ಲು
ಜಾಲರಿಯ ಕಣ್ಣಲ್ಲಿ ನುಸುಳಿ ಬಂತು.
ಠಪ್.
ಹಿಂದೆ ಐದು ಜನ ಒಟ್ಟಿಗೆ ತಲೆ ಬಗ್ಗಿಸಿದರು.
ನಾನು ಬಗ್ಗಿಸಲಿಲ್ಲ, ಧೈರ್ಯಕ್ಕಲ್ಲ,
ಬ್ರೇಕಿನ ಮೇಲೆ ಕಾಲಿತ್ತು.

ಗಾಜಿನಲ್ಲಿ ನಾಲ್ಕಾಣೆ ಅಗಲದ ಒಂದು ಚುಕ್ಕಿ,
ಅದರ ಸುತ್ತ ಮಂಜು.
ಮುಂದಿನ ಸೀಟಲ್ಲಿದ್ದ ತುಮಕೂರಿನ ಹುಡುಗಿ
ನಾನು ಬೇಡ ಎನ್ನುವ ಮೊದಲೇ ಬೆರಳಿಟ್ಟಳು,
ಅತ್ತಿತ್ತ ಸವರಿದಳು.
"ಒಳಗಡೆ ನುಣ್ಣಗಿದೆ ಆಂಟಿ."

ವೈಪರ್ ಒಮ್ಮೆ ಅದರ ಮೇಲೆ ಹಾದು ಹೋಯಿತು.
ಗೇರು ಒಂದಕ್ಕೆ ಹಾಕಿದೆ.