ಸಂಭಾವನಾರ್ಥಕ

ರಾತ್ರಿ ಹನ್ನೊಂದೂಕಾಲು. ಬಲ್ಲಾರ್ಡ್ ಪಿಯರಿನ ಮೂರನೇ ಮಹಡಿ.
ಪ್ರಾಂಗ್ಸ್ ದೀಪಸ್ತಂಭದ ತೆಂಕಕ್ಕೆ
ದೀಪ ಹೊತ್ತಿಸದ ದೋಣಿಯೊಂದು ನಿಂತಿದೆಯಂತೆ.

ಈ 'ಅಂತೆ'ಯೇ ನನ್ನ ಅನ್ನ.
ಇಪ್ಪತ್ತೊಂದು ವರ್ಷದಿಂದ ಅಂತೆಕಂತೆಗಳನ್ನು ಜರಡಿ ಹಿಡಿಯುತ್ತೇನೆ,
ಜರಡಿಯ ಕಣ್ಣೂ ನನ್ನದೇ ಎಂಬುದನ್ನು
ಆಗಾಗ ಮರೆಯುತ್ತೇನೆ.

ಕಸ್ಟಮ್ಸ್‌ನವರು ಹೇಳಿದರು, ಬಂದರು ಠಾಣೆ ಹೇಳಿತು,
ಮೋರಾ ಜೆಟ್ಟಿಯ ಐಸ್ ಅಂಗಡಿಯವನೂ ಹೇಳಿದ.
ಮೂರು ಬಾಯಿ! ಸಬನೀಸ್ ಸಾಹೇಬರ ಮುಖ ಅರಳಿತು.
ನಾನು ದಾರ ಹಿಡಿದು ಹಿಂದೆ ಹೋದೆ.
ಮೂರೂ ಒಂದೇ ಉಂಡೆಯಿಂದ ಬಿಚ್ಚಿದ್ದು:
ಸಸೂನ್ ಡಾಕಿನ ತಾಂಡೇಲ, ಹರಿಶ್ಚಂದ್ರ ವೈತಿ.
ಹೆಸರು ಹರಿಶ್ಚಂದ್ರ; ಅದು ಸಾಕ್ಷಿಯಲ್ಲ.
ಮೊನ್ನೆಯಷ್ಟೇ ಎಡಗಣ್ಣಿನ ಪೊರೆ ತೆಗೆಸಿಕೊಂಡಿದ್ದಾನೆ.
ಸಂಜೆಗೆ ಅವನು ಕಂಡದ್ದೆಷ್ಟು,
ಕಾಣುತ್ತಿದೆ ಎಂಬ ಸಂತೋಷಕ್ಕೆ ಕಂಡದ್ದೆಷ್ಟು?

ಉಡುಪಿ ಹೋಟೆಲಿನ ಬಿಲ್ಲಿನ ಬೆನ್ನಿಗೆ ನಾಲ್ಕು ಮನೆ ಗೀಚಿದೆ.
ಡೀಸೆಲ್ ಕಳ್ಳರು.
ಕೆಟ್ಟು ನಿಂತ ಇಂಜಿನ್ನು.
ನಿಷೇಧದ ಬಲೆ ಬೀಸಿ ಕದ್ದು ಮೀನು ಹಿಡಿಯುವವರು.
ನಾಲ್ಕನೆಯ ಮನೆಗೆ ಹೆಸರು ಬರೆಯಲಿಲ್ಲ,
ಈ ಊರಿನಲ್ಲಿ ಅದನ್ನು ಯಾರೂ ಬರೆದು ತೋರಿಸಬೇಕಿಲ್ಲ.

ಯಾವುದಕ್ಕೆ ಸಾಕ್ಷಿ ಹೆಚ್ಚು ಎಂದು ಕೇಳಬಾರದು.
ಹುಡುಕಿದರೆ ಎಲ್ಲಕ್ಕೂ ಸಿಗುತ್ತದೆ;
ಗಣಪತಿ ಹಾಲು ಕುಡಿದ ದಿನ ದಾದರಿಗೆ ದಾದರೇ ಸಾಕ್ಷಿ.
ಯಾವುದನ್ನು ಹೊಡೆದುಹಾಕಲು ಆಗುತ್ತಿಲ್ಲ,
ಅದನ್ನು ಕೇಳು.
ದೀಪವಿಲ್ಲ ಎಂಬುದು ನಾಲ್ಕೂ ಮನೆಗೆ ಒಗ್ಗಿತು,
ಎಲ್ಲರ ಕಾಲಿಗೂ ಆಗುವ ಚಪ್ಪಲಿಯಿಂದ ಕಳ್ಳ ಸಿಗುವುದಿಲ್ಲ.
ಕೆಟ್ಟ ಇಂಜಿನ್ನಾದರೆ ವಯರ್‌ಲೆಸ್ಸಿನಲ್ಲಿ ಕೂಗಬೇಕಿತ್ತು.
ಒಂದು ಮನೆಗೆ ಗೀಟು.
ಗೀಟೆಳೆದ ಮೇಲೆ ಅನಿಸಿತು:
ವಯರ್‌ಲೆಸ್ಸೂ ಕೆಟ್ಟಿದ್ದರೆ?

"ಸಂಖ್ಯೆ ಹೇಳಿ ಮ್ಯಾಡಮ್, ದಿಲ್ಲಿಗೆ ಸಂಖ್ಯೆ ಬೇಕು."
ನೂರಕ್ಕೆ ಹದಿನೈದು, ಅಂದೆ.
ಹದಿನೈದೇ, ಎಂದು ಅವರು ಉಸಿರು ಬಿಟ್ಟರು.
ಹದಿನೈದೇ! ಎಂದು ನನಗೆ ಉಸಿರು ಕಟ್ಟಿತು.
ಅದೇ ಏಕಾರ.

ಫೋರ್ಟಿನ ರಾತ್ರಿಶಾಲೆ, ಗುಂಡು ಬಲ್ಬು.
ಕಪ್ಪು ಬಸಿ ತೊಳೆದು ಬಂದ ಅಪ್ಪನ ಕೈಯಲ್ಲಿ
ಇನ್ನೂ ಸಾಂಬಾರಿನ ವಾಸನೆ,
ಪಕ್ಕದಲ್ಲಿ ನಾನು, ಐದು ವರ್ಷದವಳು, ಅರೆನಿದ್ದೆ.
ಹಲಗೆಯ ಮೇಲೆ ಬೈಕಾಡಿ ಮಾಸ್ತರು ಬರೆದರು:
ಬಂದೀತು, ಹೋದೀತು, ಇದ್ದೀತು.
"ಇದು ಸಂಭಾವನಾರ್ಥಕ. ಯಾರಾದರೂ ಒಂದು ಉದಾಹರಣೆ ಕೊಡಿ."
ಹೋಟೆಲು ಹುಡುಗರು ಯಾರೂ ಬಾಯಿ ಬಿಡಲಿಲ್ಲ.
ನಾನು ತೂಕಡಿಸಿ ಬೆಂಚಿನ ತುದಿಗೆ ಜಾರಿದೆ.
"ಬಿದ್ದೀಯೆ!" ಅಂದ ಅಪ್ಪ,
ಅನ್ನುವ ಮೊದಲೇ ಅವನ ಕೈ ಬಂದಿತ್ತು.
"ಅದೇ," ಎಂದರು ಮಾಸ್ತರು.

ನಾನು ಬೀಳಲಿಲ್ಲ.
ಅಪ್ಪ ಸುಳ್ಳು ಹೇಳಿದ ಎಂದು
ಆ ಕೋಣೆಯಲ್ಲಿ ಯಾರೂ ಬರೆದಿಡಲಿಲ್ಲ.

ಹದಿನೈದರ ಕೆಳಗೆ ಒಂದು ಸಾಲು ಸೇರಿಸಿದೆ:
ಗಸ್ತು ಕಳಿಸುವುದು.
ಎರಡೂ ನಲವತ್ತಕ್ಕೆ ಹೋದರು.
ನೀರಿನ ಮೇಲೆ ಡೀಸೆಲಿನ ತೆಳು ಬಣ್ಣ,
ಒಂದು ಥರ್ಮೋಕೋಲ್ ತುಂಡು. ದೋಣಿಯಿಲ್ಲ.
ಇತ್ತೋ, ಇರಲೇ ಇಲ್ಲವೋ,
ಗಸ್ತಿನ ಸದ್ದಿಗೆ ಎದ್ದು ಹೋಯಿತೋ.
ಡೀಸೆಲು ಗಸ್ತಿನದೇ ಇದ್ದೀತು.
ಸಬನೀಸರು ಬರೆದರು: ಹುಸಿ ಎಚ್ಚರಿಕೆ. ಇಂಧನ ಇಷ್ಟು ಲೀಟರು.

ಬೆಳಿಗ್ಗೆ ಸಸೂನ್ ಡಾಕಿಗೆ ನಡೆದೆ.
ಬೊಂಬಿಲು ಬುಟ್ಟಿಗಳ ನಡುವೆ ವೈತಿ,
ಕಣ್ಣಿಗೆ ಹಸಿರು ಬಟ್ಟೆ, ಬಾಯಲ್ಲಿ ತಂಬಾಕು.
"ಸಿಕ್ಕಿತಾ?" ಎಂದ.
ಹರಾಜಿನ ಕೂಗು ಜೋರಾಗಿತ್ತು,
ಕೇಳಿಸದವಳಂತೆ ನಿಂತೆ.

ಬಿಲ್ಲು ತೆಗೆದೆ. ನಾಲ್ಕನೆಯ ಮನೆ ಖಾಲಿ.
ಹೊಡೆದುಹಾಕಲು ಪೆನ್ನು ಎತ್ತಿದೆ;
ಎತ್ತಿದ್ದೇ ಆಯಿತು.
ಮಗುಚಿದರೆ ಮುಂಬದಿಯಲ್ಲಿ ಎಲ್ಲ ಖಚಿತ, ಅಚ್ಚಾದದ್ದು:
ಬನ್ಸ್ ಒಂದು. ಚಹಾ ಎರಡು.

ಎರಡನೆಯದನ್ನು ಯಾರು ಕುಡಿದರೋ
ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.