ಹತ್ತು ತೆತ್ರಿ

ನಮ್ಮ ಕಟ್ಟಡದ ಲಿಫ್ಟಿಗೆ ದುಡ್ಡು ಹಾಕಬೇಕು.
ತಿಬ್ಲಿಸಿಯ ಈ ಕಡೆ, ಗ್ಲ್ದಾನಿಯ ಹಳೇ ಕಟ್ಟಡಗಳಲ್ಲಿ,
ಹತ್ತು ತೆತ್ರಿಯ ಬಿಲ್ಲೆ ನುಂಗಿದರೆ ಮಾತ್ರ
ಕೆಮ್ಮಿ, ಕುಲುಕಿ, ಒಲ್ಲದ ಮನಸ್ಸಿನಿಂದ ಮೇಲೆ ಹೊರಡುತ್ತದೆ.
ಇಳಿಯುವುದಾದರೆ ಪುಕ್ಕಟೆ.

ಸೋಮವಾರ ನನ್ನ ಹತ್ತಿರ ಬಿಲ್ಲೆ ಇರಲಿಲ್ಲ.
ಒಂಬತ್ತು ಮಹಡಿ. ಕೈಯಲ್ಲಿ ಎರಡು ಕಿಲೋ ಆಲೂಗಡ್ಡೆ,
ಕಂಕುಳಲ್ಲಿ ಡ್ರೈವಿಂಗ್ ಪರೀಕ್ಷೆಯ ಕಾಗದ.
ಮೂರನೇ ಸಲ ಫೇಲು.
ಹಿಂದಕ್ಕೆ ಚೆನ್ನಾಗಿಯೇ ಬಂದಿದ್ದೆ, ಒಂದು ಕಂಬಕ್ಕೂ ತಾಗದೆ;
ಸೀಟು ಬೆಲ್ಟು ಹಾಕುವುದನ್ನು ಮರೆತಿದ್ದೆ.
ಪರೀಕ್ಷಕ ನಗಲಿಲ್ಲ.
ನಕ್ಕಿದ್ದರೆ ಮನಸಾರೆ ಬೈಯಬಹುದಿತ್ತು.

ಐದನೇ ಮಹಡಿಯಲ್ಲಿ ಚೀಲ ಹರಿಯಿತು.
ಆಲೂಗಡ್ಡೆಗಳು ದಡಬಡ ಮೆಟ್ಟಿಲಿಳಿದವು
ಗಂಟೆ ಹೊಡೆದ ಶಾಲೆಯ ಮಕ್ಕಳಂತೆ.
ಅಲ್ಲೇ ಕೂತು ಅತ್ತೆ.
ಆಲೂಗಡ್ಡೆಗಲ್ಲ ಅಂತ ನನಗೂ ಗೊತ್ತು,
ಅವಕ್ಕೂ ಗೊತ್ತಿತ್ತೇನೋ.
ಹೆಕ್ಕಿ ಎಣಿಸಿದರೆ ಒಂದು ಕಡಿಮೆ.

ಮಂಗಳವಾರ ಏನೂ ಆಗಲಿಲ್ಲ.
ಅದನ್ನೂ ಬರೆದಿಡಬೇಕು:
ಏನೂ ಆಗಲಿಲ್ಲ.

ಬುಧವಾರವೋ ಗುರುವಾರವೋ, ವಾಖೊನ ಮೆಸೇಜು,
ಹನ್ನೊಂದು ತಿಂಗಳ ಮೇಲೆ:
'ನಿನ್ನ ಜಾಕೆಟ್ಟು ನನ್ನಲ್ಲೇ ಉಳಿದಿದೆ. ಕಳಿಸಲಾ?'
ನಲವತ್ತು ನಿಮಿಷ ಬರೆದೆ, ಅಳಿಸಿದೆ, ಬರೆದೆ.
ಒಂದರಲ್ಲಿ ಸಿಟ್ಟು ಉಕ್ಕಿತು, ಒಂದರಲ್ಲಿ ಸಕ್ಕರೆ ಹೆಚ್ಚಾಯಿತು.
ಕೊನೆಗೆ ಕಳಿಸಿದ್ದು: 'ಇಟ್ಟುಕೋ.'
ನೂತ್ಸಾ ನಕ್ಕೂ ನಕ್ಕೂ ಬಿಕ್ಕಿದಳು,
'ಅದರ ಜಿಪ್ಪು ಕಿತ್ತುಹೋಗಿತ್ತಲ್ಲೇ ಮಾರಾಯ್ತಿ!'
ನಿಜ. ಹರಿದದ್ದನ್ನು ದಾನ ಮಾಡಿ ದೊಡ್ಡವಳಾದೆ.

ಅಮ್ಮ ಇಟಲಿಯ ಬಾರಿಯಲ್ಲಿದ್ದಾಳೆ,
ಬೇರೆ ಯಾರದೋ ಅಮ್ಮನನ್ನು ನೋಡಿಕೊಳ್ಳುತ್ತಾಳೆ.
ವಿಡಿಯೋದಲ್ಲಿ ನನ್ನ ಮುಖಕ್ಕಿಂತ
ಹಿಂದಿನ ಗೋಡೆಯ ತೇವವನ್ನೇ ದಿಟ್ಟಿಸಿದಳು.
'ಪರೀಕ್ಷೆ?' ಅಂದಳು. 'ಮುಂದಕ್ಕೆ ಹೋಯಿತು,' ಅಂದೆ.
'ನಿನ್ನ ಬೆನ್ನು?' ಅಂದೆ. 'ವಾಸಿಯಾಯಿತು,' ಅಂದಳು.
ಸಮಕ್ಕೆ ಸಮ.
ಫೋನಿಟ್ಟ ಮೇಲೆ ಇಬ್ಬರೂ
ತಮ್ಮ ತಮ್ಮ ಸುಳ್ಳಿಗೆ ಎಣ್ಣೆ ಸವರಿಕೊಂಡಿರಬೇಕು.

ಇನ್ನು ಖುಷಿಯ ಸಂಗತಿ. ಇದ್ದದ್ದು ಒಂದೇ,
ಆದ್ದರಿಂದ ವಿವರವಾಗಿ ಹೇಳುತ್ತೇನೆ.
ನಾನು ಕೆಲಸ ಮಾಡುವ ಕನ್ನಡಕದಂಗಡಿಗೆ
ಏಳು ವರ್ಷದ ಹುಡುಗ ಅಜ್ಜಿಯ ಜೊತೆ ಬಂದ.
ಮೊದಲ ಕನ್ನಡಕ. ಕಿವಿಯ ಹಿಂದೆ ಮೆಲ್ಲಗೆ ಸಿಕ್ಕಿಸಿದೆ.
ಕಣ್ಣು ಪಿಳುಕಿಸಿ, ತಿರುಗಿ, ಮೇಲೆ ನೋಡಿ ಅಂದ:
'ಅಜ್ಜೀ, ನಿನಗೆ ಮೀಸೆ ಇದೆ!'
ಅಜ್ಜಿ ನಕ್ಕರು, ಸರದಿಯಲ್ಲಿದ್ದವರು ನಕ್ಕರು,
ಹೋದ ವಾರ ಮುರಿದ ಫ್ರೇಮಿಗೆ
ನನ್ನ ಸಂಬಳ ಕತ್ತರಿಸಿದ ಯಜಮಾನಿಯೂ ನಕ್ಕಳು.
ಆಗ ಅವಳ ಬಾಯಲ್ಲಿ ಒಂದು ಹಲ್ಲು ಇಲ್ಲದ್ದು ಕಂಡಿತು.
ಆಮೇಲೆ ಅವಳನ್ನು ಪೂರ್ತಿ ದ್ವೇಷಿಸಲು ಆಗುತ್ತಿಲ್ಲ.

ಶನಿವಾರ ರಾತ್ರಿ ಕೋಟಿನ ಅಸ್ತರಿನೊಳಗೆ ಜಾರಿದ್ದ
ಒಂದು ಬಿಲ್ಲೆ ಸಿಕ್ಕಿತು.
ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ
ಮೂರನೇ ಮಹಡಿಯ ಝುಝುನಾ ಅಜ್ಜಿ ನುಸುಳಿ ಬಂದರು,
ಒಂದೇ ಬಿಲ್ಲೆಗೆ ಇಬ್ಬರು.
ಎರಡು ಮಹಡಿ ದಾಟಿತ್ತಷ್ಟೆ, ಕರೆಂಟು ಹೋಯಿತು.

ಕತ್ತಲು. ಅವರ ಉಸಿರಲ್ಲಿ ಬೆಳ್ಳುಳ್ಳಿ.
ತುಂಬ ಹೊತ್ತಿನ ಮೇಲೆ ಗೋಡೆಗೆ ಹೇಳುವಂತೆ ಹೇಳಿದರು:
'ಸೋಮವಾರ ನನ್ನ ಬಾಗಿಲಿಗೆ
ಒಂದು ಆಲೂಗಡ್ಡೆ ಬಂದು ಬಡಿಯಿತು.
ಮೇಲೆ ಯಾರೋ ಅಳುತ್ತಿದ್ದರು. ಕರೆಯಬಾರದು ಅನ್ನಿಸಿತು.
ಬೇಯಿಸಿ ತಿಂದುಬಿಟ್ಟೆ.
ಉಪ್ಪು ಹಾಕಲು ಮರೆತೆ.'

ಕರೆಂಟು ಬಂತು. ಲಿಫ್ಟಿಗೆ ಮಾತ್ರ
ನಾವು ದುಡ್ಡು ಕೊಟ್ಟದ್ದೇ ಮರೆತುಹೋಗಿತ್ತು,
ನೇರ ಕೆಳಕ್ಕಿಳಿಸಿ ಬಾಯಿ ತೆರೆದು ನಿಂತಿತು.
'ನನ್ನ ಹತ್ತಿರ ಚಿಲ್ಲರೆ ಮುಗಿಯಿತು,' ಅಂದೆ.
'ಆಲೂಗಡ್ಡೆಯ ಸಾಲ ಇದೆಯಲ್ಲ,' ಎಂದು
ಅವರೇ ಪರ್ಸು ತಡಕಿ ಬಿಲ್ಲೆ ಹಾಕಿದರು.

ಮೂರನೇ ಮಹಡಿಯಲ್ಲಿ ನಾನೂ ಇಳಿದೆ.
ಒಲೆಯ ಮೇಲೆ ಸೂಪು ಇತ್ತು.
ಈ ಸಲ ಉಪ್ಪು ಎರಡು ಸಲ ಬಿದ್ದಿತ್ತು.