ನಾಲ್ಕು ಮೂಲಿಯ ನೀರು

ಅಕಿ ಹುಟ್ಟಿದ್ದು ಸಿಮೆಂಟಿನ ಟಾಕಿಯಾಗ,
ಕಲಬುರಗಿ ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ.
ತಾಯಿ ನೀರುನಾಯಿ ಮೂರನೇ ದಿನ ಮೊಲಿ ಕೊಡಲಿಲ್ಲ.
ಸೂಜಿಯಿಲ್ಲದ ಸಿರಿಂಜಿನಾಗ ಹಾಲು ತುಂಬಿ
ಉಡಿಯಾಗ ಹಾಕ್ಕೊಂಡು ಕುಡಿಸಿದಾಕಿ ನಾನು, ಜಗದೇವಿ,
ದಿನಗೂಲಿ, ಹಾಜರಿ ಪುಸ್ತಕದ ಕಡೀ ಹೆಸರು.

ನಳ ತಿರುವಿದರ ನೀರು ಹುಟ್ಟತದ,
ಬೂಚು ಕಿತ್ತರ ಸಾಯತದ,
ನೀರಿಗೆ ನಾಲ್ಕು ಮೂಲಿ ಇರತಾವ:
ಇಷ್ಟೇ ಅಕಿ ಕಲಿತ ಭೂಗೋಳ.
ಎಂಟು ಮಾರು ಈಸಿದರ ಗ್ವಾಡಿ,
ಗ್ವಾಡಿಗೆ ಮೂಗು ಹಚ್ಚಿ ತಿರುಗು, ಮತ್ತ ಎಂಟು ಮಾರು.

ಬಿಡೋ ಹುಕುಂ ಬಂತು. ಡಾಕ್ಟರ ಮೇಡಂ ಅಂದರು:
"ಇನ್ನ ಮ್ಯಾಲ ಅಕಿ ಜೋಡಿ ಮಾತಾಡಬ್ಯಾಡ್ರಿ.
ಮಂದಿ ಅಂದರ ಮೀನು ಅನ್ನೋದು ಮರೀಬೇಕು.
ಬಳಿ ತಗೀರಿ, ಆ ಸಪ್ಪಳಕ್ಕ ಓಡಿ ಬರತಾಳ."
ಗಂಡ ಇದ್ದಾಕಿ ಹ್ಯಾಂಗ ಬರಿಗೈ ಮಾಡಲಿ?
ಹಳೀ ಸೀರಿ ಅಂಚು ಹರಿದು, ಎರಡೂ ಕೈಗೆ
ಹುಣ್ಣಾದವರಂಗ ಸುತ್ತಿಕೊಂಡೆ.
ಹಸಿರು ಬಳಿ ಒಳಗ ಉಸಿರು ಹಿಡಿದು ಕುಂತವು.

ಆರು ತಿಂಗಳು ಗ್ವಾಡಿ ಹಿಂದ ನಿಂತು
ಜೀವಂತ ಜಿಲೇಬಿ ಮೀನು ಒಗದೆ.
ಮೊದಲ ದಿನ ಅಂಜಿ ಮೂಲಿಗೆ ಸೇರಿದಳು,
ಮೀನು ಅಂದರ ಸತ್ತದ್ದು ಅಂತ ತಿಳಿದಿದ್ದಳು ಪಾಪ.
ಹದಿನೇಳನೇ ದಿನಕ್ಕ ಎಲುಬು ಮುರಿದ ಸಪ್ಪಳ.
ಯಾರಿಗೆ ಹೇಳಲಿ? ಚಪ್ಪಾಳಿ ತಟ್ಟುವಂಗಿಲ್ಲ.
ಎಷ್ಟೋ ಸಂಜಿ ಸೀಟಿ ಹೊಡದು ಕರದಳು.
ನಾನು ಬಾಯಾಗ ಸೆರಗು ತುರುಕಿಕೊಂಡೆ.

ನಸುಕಿನಾಗ ಲಾಡ್ಲೇಸಾಬನ ಜೀಪು,
ಪೆಟ್ಟಿಗಿ ಮ್ಯಾಲ ಹಸಿ ಗೋಣಿ ತಟ್ಟು.
ಕಟ್ಟಿಸಂಗಾವಿ ಬ್ರಿಜ್ ಮ್ಯಾಲ ಭೀಮಿ ವಾಸನಿ ಬಡಿದದ್ದೇ
ಒಳಗಿಂದ ಒಂದು ದನಿ,
ಎರಡು ವರ್ಷದಾಗ ನಾ ಕೇಳದ ದನಿ.
ಯಾರು ಕಲಿಸಿದರು ಇದನ್ನ? ಟಾಕಿ ಅಲ್ಲ, ನಾನಂತೂ ಅಲ್ಲ.
ಲಾಡ್ಲೇಸಾಬ ರೇಡಿಯೋ ಬಂದ್ ಮಾಡಿದ.
ಶಹಾಪುರದ ಗುಡ್ಡ ಬುದ್ಧನಂಗ ಮಕ ಮ್ಯಾಲ ಮಾಡಿ
ಇನ್ನೂ ಮಲಗಿತ್ತು. ನಾವು ಚಹಾಕ್ಕೂ ನಿಲ್ಲಲಿಲ್ಲ.

ತಿಂಥಣಿ ಕೆಳಗ ಕೃಷ್ಣಿ, ಬಂಡಿಗಲ್ಲಿನ ನಡುವ
ಯಾವ ಆಕಾರವೂ ಇಲ್ಲದ ನೀರು.
ಬಾಗಿಲು ಎತ್ತಿದರು. ಅಕಿ ಹೊರಗ ಬರಲಿಲ್ಲ.
ಹತ್ತು ನಿಮಿಷ. ಇಪ್ಪತ್ತು. ಕಡೀಗೆ ಮೀಸಿ ಬಂತು,
ಉಳಿದದ್ದು ಎಣ್ಣಿ ಹಚ್ಚಿದಂಗ ಜಾರಿತು.

ಈಸಿದಳು. ಎಂಟು ಮಾರು.
ತಿರುಗಿದಳು.
ಅಲ್ಲಿ ಗ್ವಾಡಿ ಇರಲಿಲ್ಲ.
ಇಲ್ಲದ ಗ್ವಾಡಿಗೆ ಮೂಗು ಹಚ್ಚಿ ತಿರುಗಿದಳು,
ಮತ್ತ ಎಂಟು ಮಾರು, ಮತ್ತ,
ಹರಿಯೋ ಹೊಳಿ ನಡುವ ನಮ್ಮ ಟಾಕಿ ಕಟ್ಟಕೊಂತ.
ಮೇಡಂ ಬರಕೊಂಡರು. ಲಾಡ್ಲೇಸಾಬ ಮಕ ತಿರುವಿದ.
ನಾನು ಎಣಿಸಿದೆ, ನಲವತ್ತು ಸುತ್ತು.
ಕೈ ಮ್ಯಾಲಿನ ಅರಿವಿ ಬಿಚ್ಚಿ ಒಮ್ಮೆ ಅಲ್ಲಾಡಿಸಿದ್ದರ
ಬಂದು ಕಾಲಾಗ ಬೀಳತಿದ್ದಳು. ಗೊತ್ತಿತ್ತು.
ಗಂಟಿನ ಮ್ಯಾಲ ಬೆರಳು ಇಟ್ಟುಕೊಂಡೇ ನಿಂತೆ.

ಹೊತ್ತು ಮುಳುಗಿತು. ಕರಕೊಂಡು ಬಂದರು ನನ್ನ.

ಹನ್ನೊಂದು ದಿನದ ಮ್ಯಾಲ ಅಂಬಿಗರ ದೇವಿಂದ್ರಪ್ಪ
ಬಸ್ಸು ಹತ್ತಿ ಕಚೇರಿಗೇ ಬಂದ, ಹೆಗಲಿಗೆ ಬಲಿ.
"ನಿಮ್ಮ ಮಗಳ ಕೆಲಸ ನೋಡ್ರಿ. ಹೊಳಿ ಆ ಕಡಿ ದಂಡಿಗೆ,
ನಾಕು ಕಿಲೋ ಮೀನು, ಮ್ಯಾಲ ಈ ತೂತು.
ರೊಕ್ಕ ಯಾರು ಕೊಡತೀರಿ?"
ಸಾಹೇಬರು ಅರ್ಜಿ ಬರಿ ಅಂದರು.
ಕಿವಿ ಮ್ಯಾಲ ಗುರುತು ಇತ್ತೇನು? ಅಂದೆ ನಾನು.
ಕತ್ತಲಾಗ ಯಾರು ನೋಡ್ಯಾರ, ಅಂದ.
ಹೊರಗ ಕರದು ಒಂದು ದಿನದ ಕೂಲಿ ಕೊಟ್ಟೆ.
ತೂತಿನಾಗ ಕೈ ತೂರಿಸಿ ನೋಡಿದೆ,
ದುಂಡಗಲ್ಲ, ಚೌಕಲ್ಲ, ಹೆಂಗೆಂಗೋ ಹರದಿತ್ತು.
"ಆ ಕಡಿ ದಂಡಿ ಅಂದಿರಲ್ಲ, ಖರೇನಾ?"
ಮೂರು ಸಲ ಕೇಳಿದೆ. ಅವ ರೊಕ್ಕ ಎಣಿಸಾಕತ್ತಿದ್ದ.

ಅವತ್ತು ಅರಿವಿ ಬಿಚ್ಚಿದೆ. ಕೈ ಬೆಳ್ಳಗಾಗಿತ್ತು.
ಖಾಲಿ ಟಾಕಿ ತಿಕ್ಕಿದೆ, ಒಂದೊಂದೇ ಮೂಲಿ.
ಬಳಿ ಗಲಗಲ ಅಂದವು, ಅಂತನೇ ಇದ್ದವು.
ಯಾರೂ ಬರಲಿಲ್ಲ.
ಹಂಗೇ ಇರಲವ್ವ. ಬರಬ್ಯಾಡ.